ಪ್ಲಾಸ್ಮಾ ಕೊಟ್ಟು ಪಿಎಫ್‌ಒಎಸ್ ಇಳಿಸಿಕೊಂಡ ನನ್ನ ಅನುಭವ

ಮೆಲ್ಬರ್ನ್‌ನಲ್ಲಿ ಅಗ್ನಿಶಾಮಕ ಸಿಬ್ಬಂದಿಯಾಗಿ ದುಡಿದ ವರ್ಷಗಳಲ್ಲಿ, ಎಣ್ಣೆಗೆ ಹತ್ತಿದ ಬೆಂಕಿಯನ್ನು ನಂದಿಸುವ ಹಳೆಯ ಬಗೆಯ ನೊರೆ ನಮ್ಮ ಕೈಗೆ, ಬಟ್ಟೆಗೆ, ಬೂಟಿಗೆ ಮೆತ್ತಿಕೊಳ್ಳುವುದು ನಿತ್ಯದ ಸಂಗತಿಯಾಗಿತ್ತು. ಅದರಲ್ಲಿದ್ದ ಪಿಎಫ್‌ಎಎಸ್ ಗುಂಪಿನ ರಾಸಾಯನಿಕಗಳು, ಮುಖ್ಯವಾಗಿ ಪಿಎಫ್‌ಒಎಸ್, ಒಮ್ಮೆ ಮೈ ಸೇರಿದರೆ ಅರ್ಧಕ್ಕೆ ಇಳಿಯಲು ಸುಮಾರು 5 ವರ್ಷ ಹಿಡಿಯುತ್ತದೆ. ರಕ್ತಪರೀಕ್ಷೆಯಲ್ಲಿ ನನ್ನ ಮಟ್ಟ ಹೆಚ್ಚೆಂದು ತಿಳಿದಾಗ, ಅದನ್ನು ಇಳಿಸುವ ಮಾತ್ರೆ ವೈದ್ಯರ ಬಳಿ ಇರಲಿಲ್ಲ.

ದಾರಿ ಕಂಡದ್ದು 2022ರಲ್ಲಿ, ನಮ್ಮದೇ ವಿಕ್ಟೋರಿಯಾ ರಾಜ್ಯದ ಅಗ್ನಿಶಾಮಕ ಸೇವೆಯ 285 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ ಪ್ರಕಟವಾದಾಗ. ಒಂದು ವರ್ಷ ಕಾಲ ಆರು ವಾರಕ್ಕೊಮ್ಮೆ ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವ, ಕೊಟ್ಟವರಲ್ಲಿ ಪಿಎಫ್‌ಒಎಸ್ ಮಿಲಿಲೀಟರಿಗೆ ಸರಾಸರಿ 2.9 ನ್ಯಾನೋಗ್ರಾಂ ಇಳಿದಿತ್ತು. ಹನ್ನೆರಡು ವಾರಕ್ಕೊಮ್ಮೆ ರಕ್ತ ಕೊಟ್ಟವರಲ್ಲಿ ಇಳಿದದ್ದು 1.1 ಮಾತ್ರ; ಏನೂ ಕೊಡದವರಲ್ಲಿ ಬದಲಾವಣೆಯೇ ಕಾಣಲಿಲ್ಲ. ಈ ರಾಸಾಯನಿಕ ರಕ್ತದ ಕಣಗಳಿಗಿಂತ ಹೆಚ್ಚಾಗಿ ಪ್ಲಾಸ್ಮಾದ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಜೊತೆಗೆ ಪ್ಲಾಸ್ಮಾವನ್ನು ರಕ್ತಕ್ಕಿಂತ ಹೆಚ್ಚು ಪ್ರಮಾಣದಲ್ಲಿ, ಹೆಚ್ಚು ಸಲ ಕೊಡಬಹುದು. ಆದ್ದರಿಂದ ನಾನೂ ಪ್ಲಾಸ್ಮಾವನ್ನೇ ಆರಿಸಿಕೊಂಡೆ.

ದಾನಕೇಂದ್ರದಲ್ಲಿ ನನ್ನ ಉದ್ಯೋಗವನ್ನೂ ಪರೀಕ್ಷೆಯ ವರದಿಯನ್ನೂ ಮುಚ್ಚಿಡದೆ ತಿಳಿಸಿದೆ. ನನ್ನ ಪ್ಲಾಸ್ಮಾ ಇನ್ನೊಬ್ಬ ರೋಗಿಗೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಎಂಬ ಪ್ರತಿಕಾಯಗಳ ಔಷಧಿ ಆಗಬಹುದಾದ್ದರಿಂದ ಅದು ನನ್ನ ಕರ್ತವ್ಯವೆಂದೇ ಭಾವಿಸಿದ್ದೇನೆ. ಅವರು ವಿಚಾರಿಸಿ ಒಪ್ಪಿಕೊಂಡ ಮೇಲೆಯೇ ತೋಳು ಚಾಚಿದೆ. ಯಂತ್ರವು ರಕ್ತವನ್ನು ಎಳೆದುಕೊಂಡು, ತಿರುಗಿಸಿ ಬೇರ್ಪಡಿಸಿ, ಕೆಂಪುಕಣಗಳನ್ನು ಅದೇ ಸೂಜಿಯ ಮೂಲಕ ಹಿಂದಕ್ಕೆ ಕಳಿಸುತ್ತದೆ. ಪಕ್ಕದ ಚೀಲದಲ್ಲಿ ತಿಳಿ ಹಳದಿ ದ್ರವ ನಿಧಾನವಾಗಿ ತುಂಬಿಕೊಳ್ಳುತ್ತದೆ. ಕಣಗಳು ಮರಳುವಾಗ ತೋಳು ತಣ್ಣಗಾಗುತ್ತದೆ, ಕೆಲವೊಮ್ಮೆ ತುಟಿಯ ಸುತ್ತ ಜುಮ್ಮೆನ್ನುತ್ತದೆ. ರಕ್ತ ಹೆಪ್ಪುಗಟ್ಟದಂತೆ ಬೆರೆಸುವ ಸಿಟ್ರೇಟ್ ದೇಹದ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಹಾಗೆ ಜುಮ್ಮೆನ್ನುತ್ತದೆ. ನರ್ಸ್‌ಗೆ ಹೇಳಿದ ಕೂಡಲೇ ಅವರು ವೇಗ ತಗ್ಗಿಸಿದರು. ಹಿಂದಿನ ದಿನದಿಂದಲೇ ಚೆನ್ನಾಗಿ ನೀರು ಕುಡಿದು, ಹೊಟ್ಟೆ ತುಂಬ ಊಟ ಮಾಡಿ ಹೋಗುವುದು ನನ್ನ ರೂಢಿಯಾಯಿತು.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಮಟ್ಟ ಗಣನೀಯವಾಗಿ ಇಳಿದಿತ್ತು. ಆ ಹೊತ್ತಿಗೆ ಹಳೆಯ ನೊರೆಯ ಬಳಕೆಯೂ ನಿಂತಿತ್ತಾದ್ದರಿಂದ ಎಲ್ಲ ಶ್ರೇಯಸ್ಸನ್ನೂ ದಾನಕ್ಕೇ ಕೊಡಲಾರೆ. ಮೈಸೇರುವ ಮೂಲ ಮುಚ್ಚದೆ ಪ್ಲಾಸ್ಮಾ ಕೊಟ್ಟು ಹೆಚ್ಚು ಪ್ರಯೋಜನವೂ ಇಲ್ಲ. ಆ ಪ್ರಯೋಗ ಅಳೆದದ್ದು ರಕ್ತದಲ್ಲಿನ ಮಟ್ಟವನ್ನೇ ಹೊರತು ಕಾಯಿಲೆಯ ಅಪಾಯವನ್ನಲ್ಲ. ಹೀಗಾಗಿ ಈ ರಾಸಾಯನಿಕಗಳೊಂದಿಗೆ ನಂಟು ಕಂಡುಬಂದಿರುವ ಕೊಲೆಸ್ಟರಾಲ್ ಮತ್ತು ಥೈರಾಯ್ಡ್ ತಪಾಸಣೆಯನ್ನು ನಾನು ಮೊದಲಿನಂತೆಯೇ ಮಾಡಿಸುತ್ತಿದ್ದೇನೆ.