ಮಳೆನಾಡಿಗೆ ಒಗ್ಗುವ ಸ್ಕೆಚ್‌ಬುಕ್: ಕೈಯಾರೆ ಹೊಲಿಯುವ ಮತ್ತು ಪುಟಗಳನ್ನು ಅಂತರ್ಜಾಲದಲ್ಲಿ ಹಂಚುವ ಕ್ರಮ

ಅಂಗಡಿಯಲ್ಲಿ ದೊರೆಯುವ ಸ್ಕೆಚ್‌ಬುಕ್ಕುಗಳಲ್ಲಿ ಹೆಚ್ಚಿನವು ಬೆನ್ನಿಗೆ ಅಂಟು ಹಾಕಿದವು, ಇಲ್ಲವೇ ತಂತಿಯ ಸುರುಳಿ ಪೋಣಿಸಿದವು. ಅಂಟಿನ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಸುರುಳಿಯದು ಬಿಚ್ಚಿಕೊಂಡರೂ ಎರಡು ಪುಟಗಳಿಗೆ ಹಬ್ಬಿದ ಚಿತ್ರವನ್ನು ನಡುವೆ ಸೀಳಿಬಿಡುತ್ತದೆ. ಹೊಸನಗರ, ಆಗುಂಬೆಗಳ ಮಳೆಗಾಲದಲ್ಲಿ ಆ ತಂತಿಗೆ ತುಕ್ಕು ಹಿಡಿಯುವುದೂ ಉಂಟು. ಬೆನ್ನಿಗೆ ಅಂಟನ್ನೇ ಮುಟ್ಟಿಸದೆ ದಾರದಿಂದಲೇ ಹಿಡಿದಿಡುವ ಕಾಪ್ಟಿಕ್ ಹೊಲಿಗೆ ಈಜಿಪ್ಟಿನ ಆದಿ ಕ್ರೈಸ್ತರ ಕಾಲದ ವಿಧಾನವಾದರೂ ನಮ್ಮ ಹವೆಗೆ ಚೆನ್ನಾಗಿ ಒಪ್ಪುತ್ತದೆ. ಹೀಗೆ ಹೊಲಿದ ಪುಸ್ತಕ ಯಾವ ಪುಟದಲ್ಲಿ ತೆರೆದರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಚಿತ್ರ ಬರೆಯುವಾಗ ಇದರಿಂದಾಗುವ ಅನುಕೂಲ ಎಷ್ಟೋ, ಮುಂದೆ ಅದೇ ಪುಟದ ಫೋಟೊ ತೆಗೆಯುವಾಗ ಆಗುವ ಅನುಕೂಲವೂ ಅಷ್ಟೇ.

ಪೆನ್ಸಿಲ್ ಮತ್ತು ಪೆನ್ನಿಗೆ 120ರಿಂದ 150 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ ಕಾಗದ ಸಾಕು. ಜಲವರ್ಣಕ್ಕೆ 200ಕ್ಕಿಂತ ಮೇಲಿನದು ಬೇಕು. ತೂಕಕ್ಕಿಂತಲೂ ಮುಖ್ಯವಾದ, ಆದರೆ ಬಹಳ ಜನ ಗಮನಿಸದ ಸಂಗತಿಯೆಂದರೆ ಕಾಗದದ ನಾರಿನ ದಿಕ್ಕು. ಹಾಳೆಯನ್ನು ಮಡಿಸದೆ ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡಿದರೆ ಒಂದು ಕಡೆಗೆ ಅದು ಸುಲಭವಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ಬಿಗಿಯುತ್ತದೆ. ಸುಲಭವಾಗಿ ಬಾಗುವಾಗ ಮಡಿಕೆ ಬೀಳುವ ಗೆರೆಯೇ ನಾರಿನ ದಿಕ್ಕು, ಮತ್ತು ಪುಸ್ತಕದ ಬೆನ್ನು ಆ ಗೆರೆಯ ಉದ್ದಕ್ಕೇ ಇರಬೇಕು. ಇದು ತಪ್ಪಿದರೆ ಆಷಾಢದ ತೇವಕ್ಕೆ ಪುಟಗಳು ಅಲೆಯಲೆಯಾಗಿ ಉಬ್ಬಿ ಪುಸ್ತಕ ಮುಚ್ಚುವುದೇ ಕಷ್ಟವಾಗುತ್ತದೆ. ಸಾಮಾನ್ಯ ಎ4 ಹಾಳೆಗಳಲ್ಲಿ ನಾರು ಹೆಚ್ಚಾಗಿ ಉದ್ದಕ್ಕೆ ಇರುವುದರಿಂದ ಅವನ್ನು ಅಡ್ಡಕ್ಕೆ ಅರ್ಧ ಮಡಿಸಿದಾಗ ಮಡಿಕೆ ನಾರಿಗೆ ವಿರುದ್ಧವಾಗಿ ಬೀಳುತ್ತದೆ. ಆದ್ದರಿಂದ 22×30 ಅಂಗುಲದ ದೊಡ್ಡ ಹಾಳೆಯನ್ನೇ ಕೊಂಡು ಕತ್ತರಿಸಿಕೊಳ್ಳುವುದು ಲೇಸು. ನಾರು 30 ಅಂಗುಲದ ಬದಿಗುಂಟ ಇದ್ದರೆ 11×7.5 ಅಂಗುಲದ ಎಂಟು ತುಂಡುಗಳಾಗುತ್ತವೆ. 11 ಅಂಗುಲವನ್ನು ಅರ್ಧಕ್ಕೆ ಮಡಿಸಬೇಕು. ನಾರು 22 ಅಂಗುಲದ ಬದಿಗುಂಟ ಇದ್ದರೆ ಎರಡೂ ಬದಿಗಳನ್ನು ಮೂರು ಭಾಗ ಮಾಡಿ ಒಂಬತ್ತು ತುಂಡು ತೆಗೆದು, 10 ಅಂಗುಲದ ಬದಿಯನ್ನು ಮಡಿಸಬೇಕು. ಉಳಿಯುವ ಒಂಬತ್ತನೆಯದು ಬಣ್ಣ ಪರೀಕ್ಷಿಸಲು ಒದಗುತ್ತದೆ.

ನಾಲ್ಕು ತುಂಡುಗಳನ್ನು ಒಂದರೊಳಗೊಂದು ಸೇರಿಸಿ ಮಡಿಸಿದರೆ ಹದಿನಾರು ಪುಟಗಳ ಒಂದು ಫಾರಂ ಆಗುತ್ತದೆ. ಮೂರು ದೊಡ್ಡ ಹಾಳೆಗಳಿಂದ ಆರು ಫಾರಂ, ಅಂದರೆ 96 ಪುಟ ಸಿಗುತ್ತವೆ. ಮೊದಲ ಪುಸ್ತಕಕ್ಕೆ ಇದಕ್ಕಿಂತ ಹೆಚ್ಚು ಬೇಡ. ಮಡಿಕೆಯ ಮೇಲೆ ಸ್ಟೀಲ್ ಚಮಚದ ಹಿಂಬದಿಯನ್ನು ಒತ್ತಿ ಎಳೆದರೆ ಅದು ಚೂಪಾಗಿ ಕೂರುತ್ತದೆ. ಫಾರಂನಷ್ಟೇ ಎತ್ತರದ ಕಾಗದದ ಪಟ್ಟಿಯೊಂದರಲ್ಲಿ ತುದಿಗಳಿಂದ ಅರ್ಧ ಅಂಗುಲ ಬಿಟ್ಟು ಒಂದೊಂದು, ಅವುಗಳ ನಡುವೆ ಸಮದೂರದಲ್ಲಿ ಮೂರು, ಹೀಗೆ ಐದು ಗುರುತು ಮಾಡಿ, ಅದನ್ನೇ ಅಳತೆಯಾಗಿಟ್ಟುಕೊಂಡು ಎಲ್ಲ ಫಾರಂಗಳ ಮಡಿಕೆಯಲ್ಲೂ ದಪ್ಪ ಸೂಜಿಯಿಂದ ಒಳಗಿನಿಂದ ಹೊರಕ್ಕೆ ತೂತು ಮಾಡಬೇಕು. ಗೋಣಿಚೀಲ ಹೊಲಿಯುವ ದಬ್ಬಳ ಇದಕ್ಕೆ ಒರಟಾಯಿತು. ಅದನ್ನು ಹೊರಹೊದಿಕೆಯಾಗುವ ರಟ್ಟಿನ ತೂತಿಗೆ ಇಟ್ಟುಕೊಳ್ಳಬಹುದು. ದಾರ ಹತ್ತಿಯದೋ ನಾರಗಸೆಯದೋ ಆಗಿರಲಿ, ನೈಲಾನಿನದು ಕಾಗದವನ್ನು ಕೊಯ್ಯುತ್ತದೆ. ಜೇನು ಸಾಕುವವರಿಂದ ತಂದ ಮೇಣದ ಮೇಲೆ ದಾರವನ್ನು ಮೂರು ನಾಲ್ಕು ಬಾರಿ ಎಳೆದರೆ ಅದು ಸಿಕ್ಕಾಗುವುದೂ ಇಲ್ಲ, ತೇವ ಹೀರುವುದೂ ಕಡಿಮೆ.

ಹೊಲಿಗೆ ಮೊದಲ ಫಾರಂನ ಒಳಗಿನಿಂದ ಆರಂಭವಾಗುತ್ತದೆ. ತುದಿಯ ತೂತಿನಿಂದ ಸೂಜಿಯನ್ನು ಹೊರತೆಗೆದು, ರಟ್ಟಿನ ಹೊರಬದಿಯಿಂದ ಅದರ ತೂತಿನೊಳಗೆ ಇಳಿಸಿ, ರಟ್ಟು ಮತ್ತು ಫಾರಂ ನಡುವಿನ ದಾರಕ್ಕೆ ಒಂದು ಸುತ್ತು ಹಾಕಿ, ಬಂದ ತೂತಿನಲ್ಲೇ ಮರಳಿ ಒಳಸೇರಿಸಬೇಕು. ಒಳಗಿನಿಂದ ಮುಂದಿನ ತೂತಿಗೆ ಹೋಗಿ ಇದನ್ನೇ ಮಾಡಬೇಕು. ಕೊನೆಯ ತೂತಿನಲ್ಲಿ ಮಾತ್ರ ಮರಳಿ ಒಳಹೋಗದೆ ಎರಡನೆಯ ಫಾರಂಗೆ ಏರಬೇಕು. ಅಲ್ಲಿಂದ ಪ್ರತಿ ತೂತಿನಲ್ಲೂ ಹೊರಬಂದ ಸೂಜಿ ಕೆಳಗಿನ ಹೊಲಿಗೆಯ ಹಿಂದಿನಿಂದ ತೂರಿ, ಅದನ್ನು ಕೊಕ್ಕೆಯಂತೆ ಹಿಡಿದು, ತನ್ನ ತೂತಿಗೇ ಹಿಂತಿರುಗುತ್ತದೆ. ಎರಡು ಮೂರು ಫಾರಂ ಮುಗಿಯುವಷ್ಟರಲ್ಲಿ ಬೆನ್ನಿನ ಮೇಲೆ ಹೆಣಲಿನ ಜಡೆಯಂಥ ಸಾಲು ಮೂಡತೊಡಗುತ್ತದೆ. ದಾರ ಬಿಗಿಯುವಾಗ ಮಡಿಕೆಗೆ ಸಮಾನಾಂತರವಾಗಿ ಎಳೆಯಬೇಕೇ ಹೊರತು ತನ್ನತ್ತ ನೇರವಾಗಿ ಎಳೆಯಬಾರದು. ಹಾಗೆ ಎಳೆದರೆ ತೂತು ಹರಿದು, ಆ ಫಾರಂ ಕಡೆಯವರೆಗೂ ಅಲುಗಾಡುತ್ತಲೇ ಇರುತ್ತದೆ.

ರಟ್ಟು 2 ಮಿ.ಮೀ. ದಪ್ಪವಿರಲಿ, ಅದಕ್ಕೆ ಬಟ್ಟೆ ಹೊದಿಸಿದ ಮೇಲೆಯೇ ಹೊಲಿಗೆಗೆ ತೊಡಗಬೇಕು. ಹೆಗ್ಗೋಡಿನ ಚರಕ ಎಂಬ ಮಹಿಳಾ ಸಹಕಾರ ಸಂಘದವರು ಅಡಿಕೆಯ ಚೊಗರಿನಂಥ ಸಹಜ ಬಣ್ಣಗಳಲ್ಲಿ ಅದ್ದಿದ ಕೈಮಗ್ಗದ ಬಟ್ಟೆಯ ತುಂಡು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಹೊದಿಕೆ ನಮ್ಮ ಸೀಮೆಯಲ್ಲಿ ಬೇರೆ ಇಲ್ಲವೆಂದು ನನ್ನ ಅಭಿಪ್ರಾಯ. ಅಡಿಕೆ ಹಾಳೆ ನೋಡಲು ಚೆಂದವಾದರೂ ಒಣಗಿದಾಗ ಸೀಳುತ್ತದೆ, ಒದ್ದೆಯಾದಾಗ ಬೂಷ್ಟು ಹಿಡಿಯುತ್ತದೆ. ಹಳೆಯ ಕಾಲದ ಬೈಂಡಿಂಗಿನವರು ಮೈದಾ ಅಂಟಿಗೆ ಹುಳ ಹತ್ತದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು. ತೋಟಕ್ಕೆ ಅದೇ ತುತ್ತದ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಅದು ಕೈಗೆ ಸಿಗುತ್ತದೆಂಬುದು ನಿಜ, ಆದರೆ ಅದು ವಿಷ. ಮಕ್ಕಳೂ ಮುಟ್ಟುವ ಪುಸ್ತಕಕ್ಕೆ ಫೆವಿಕಾಲನ್ನೇ ತೆಳ್ಳಗೆ ಬಳಿಯುವುದು ಸರಿ. ಒಂದೇ ಬದಿಗೆ ಅಂಟು ಬಿದ್ದರೆ ರಟ್ಟು ಬಾಗುವುದರಿಂದ ಒಳಬದಿಗೂ ಕಾಗದ ಅಂಟಿಸಿ, ಭಾರದ ಕೆಳಗಿಟ್ಟು, ನಡುವಿನ ಪತ್ರಿಕೆಯ ಹಾಳೆಗಳನ್ನು ಬದಲಿಸುತ್ತ ಒಣಗಿಸಬೇಕು. ಮಳೆಗಾಲದಲ್ಲಿ ಇದಕ್ಕೆ ಎರಡು ಮೂರು ದಿನ ಹಿಡಿದರೂ ಅವಸರ ಮಾಡಬಾರದು.

ಇನ್ನು ಹಂಚಿಕೊಳ್ಳುವ ಕೆಲಸ. ಬಿಸಿಲೂರಿನವರು ಸ್ಟುಡಿಯೊ ದೀಪಗಳಿಂದ ತರಿಸಿಕೊಳ್ಳುವ ನೆರಳಿಲ್ಲದ ಬೆಳಕು ನಮಗೆ ಮೋಡದ ದಿನಗಳಲ್ಲಿ ಜಗುಲಿಯಲ್ಲೇ ಬಿಟ್ಟಿಯಾಗಿ ಸಿಗುತ್ತದೆ. ಟ್ಯೂಬ್‌ಲೈಟ್ ಆರಿಸಿ, ಪುಸ್ತಕವನ್ನು ಚಪ್ಪಟೆಯಾಗಿ ಬಿಚ್ಚಿಟ್ಟು, ಫೋನನ್ನು ಪುಟಕ್ಕೆ ಸಮಾನಾಂತರವಾಗಿ ಹಿಡಿದು, ತೀರ ಹತ್ತಿರ ಹೋಗದೆ ಸ್ವಲ್ಪ ಮೇಲಿನಿಂದ ಎರಡರಷ್ಟು ಜೂಮ್ ಮಾಡಿ ತೆಗೆದರೆ ಅಂಚುಗಳು ಉಬ್ಬುವುದಿಲ್ಲ. ಬಿಳಿ ಕಾಗದವನ್ನು ಕ್ಯಾಮೆರಾ ಬೂದಾಗಿ ತೋರಿಸುವ ಕಾರಣ ಬೆಳಕಿನ ಮಟ್ಟವನ್ನು ಒಂದಿಷ್ಟು ಏರಿಸಿಕೊಳ್ಳಬೇಕು. ಮುದ್ರಣಕ್ಕೆ ಹೋಗುವ ಚಿತ್ರವಾದರೆ ಫೋಟೊ ಸಾಲದು, 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) ಸ್ಕ್ಯಾನ್ ಮಾಡಿಸಬೇಕು. ಇನ್‌ಸ್ಟಾಗ್ರಾಂನಂಥ ಕಡೆಗಳಿಗೆ 1080 ಪಿಕ್ಸೆಲ್ ಅಗಲದ ಪ್ರತಿ ಸಾಕು. ದೊಡ್ಡ ಪ್ರತಿಯನ್ನು ತನ್ನ ಬಳಿಯೇ ಇಟ್ಟುಕೊಂಡರೆ ಕದ್ದು ಮುದ್ರಿಸುವವರಿಗೆ ಅವಕಾಶ ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೋಂದಣಿ ಇಲ್ಲದೆಯೂ ಚಿತ್ರದ ಹಕ್ಕು ಬರೆದವರದೇ, ಅದು ಅವರ ಜೀವಿತಾವಧಿ ಮತ್ತು ಆನಂತರದ 60 ವರ್ಷ ಉಳಿಯುತ್ತದೆ. ಫೋಟೊದೊಳಗೆ ಮನೆಯ ಸ್ಥಳವೂ ದಾಖಲಾಗಿರಬಹುದಾದ್ದರಿಂದ ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಡುವುದು ಕ್ಷೇಮ.

ಚಿತ್ರದ ಕೆಳಗೆ ಎರಡು ಸಾಲು ಕನ್ನಡದಲ್ಲಿ, ಎಲ್ಲಿ ಕುಳಿತು, ಯಾವುದರಿಂದ ಬರೆದದ್ದು ಎಂದು ತಿಳಿಸಿದರೆ ನೋಡುವವರಿಗೆ ಹಿಡಿತ ಸಿಗುತ್ತದೆ. ಇಕ್ಕೇರಿಯ ಅಘೋರೇಶ್ವರ ದೇಗುಲದ ಕಂಬವೆಂದೋ, ಮಂಡಗದ್ದೆಯ ಹೊಳೆಯ ನಡುವಿನ ಮರಗಳಲ್ಲಿ ಗೂಡುಕಟ್ಟಿದ ಹಕ್ಕಿಗಳೆಂದೋ ಹೆಸರಿಸಬೇಕು. ಬರಿಯ ಹ್ಯಾಶ್‌ಟ್ಯಾಗುಗಳ ಸಾಲು ಯಾರಿಗೂ ಏನನ್ನೂ ಹೇಳುವುದಿಲ್ಲ. ಹಸೆ ಚಿತ್ತಾರದ ಗೆರೆಗಳನ್ನು ಅನುಸರಿಸಿ ಬರೆದಿದ್ದರೆ ಅದು ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಬೆಳೆಸಿದ ಕಲೆಯೆಂಬುದನ್ನು ಬರೆಯದೆ ಬಿಡಬಾರದು. ಸಂತೆಯಲ್ಲಿ ಕುಳಿತವರ ಮುಖ ಗುರುತಾಗುವಂತೆ ಮೂಡಿದ್ದರೆ ಮೊದಲು ಅವರಿಗೇ ಆ ಪುಟ ತೋರಿಸಿ, ಒಪ್ಪಿಗೆ ಪಡೆದು ಹಾಕಬೇಕು. ಪುಸ್ತಕ ಹೊಲಿಯುವ ಕೈಗಳ ಕಿರು ವೀಡಿಯೊಗಳಿಗೂ ನೋಡುಗರು ಇರುತ್ತಾರೆ, ಕೆಲವರು ತಮಗೂ ಒಂದು ಬೇಕೆಂದು ಕೇಳುತ್ತಾರೆ. ಬೆಲೆ ಹೇಳುವಾಗ ಕಾಗದ, ಬಟ್ಟೆಯ ಜೊತೆಗೆ ಹೊಲಿದ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಚೆಗೆ ಹಾಕುವಾಗ ಪುಸ್ತಕವನ್ನು ಮೊದಲು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ಮೂಲೆಗಳಿಗೆ ರಟ್ಟಿನ ತುಂಡು ಕೊಟ್ಟು, ಆಮೇಲೆ ಪೆಟ್ಟಿಗೆಗೆ ಇಡಬೇಕು.