ಕೆರೆ–ದಡ ಆಡಿಸಿ ಮಕ್ಕಳ ಹಿಡಿತ ನೋಡಿದ್ದು: ನನ್ನ ಅನುಭವ

ಮಗು ತನ್ನನ್ನು ತಾನೇ ತಡೆದುಕೊಳ್ಳುತ್ತದಾ, ಅಂದರೆ ಅದಕ್ಕೆ ತನ್ನ ಮೇಲೆ ಹಿಡಿತ ಇದೆಯಾ ಅಂತ ಆಟದಲ್ಲೇ ನೋಡುವುದನ್ನು ಎರಡು ವರ್ಷದ ಹಿಂದೆ ಶುರು ಮಾಡಿದಾಗ ಜೊತೆಯವರೇ ನಂಬಲಿಲ್ಲ. "ಆಟ ಆಡಿಸಿ ರಿಪೋರ್ಟ್ ಬರೀತೀರಾ ಮೇಡಂ?" ಅಂದರು. ಈಗ ಮೂರು ಶಿಶುವಿಹಾರ ಸೇರಿ ಸುಮಾರು 70 ಮಕ್ಕಳನ್ನು ನೋಡಿದ್ದೇನೆ. ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದುಕೊಂಡದ್ದು ಹೇಳಿಬಿಡುತ್ತೇನೆ. ಇಂಗ್ಲಿಷ್ ಪ್ರಶ್ನಾವಳಿ ಒಂದನ್ನು ಕನ್ನಡ ಮಾಡಿಸಿ ಪ್ರಿಂಟ್ ಹಾಕಿಸಿದೆ. ಚಿತ್ರದ ಕಾರ್ಡು, ಸ್ಟಾಪ್‌ವಾಚು ಎಲ್ಲ ಸೇರಿ 9,000 ರೂಪಾಯಿ ಮೇಲೇ ಹೋಯಿತು. ಅಮ್ಮಂದಿರು ಎಲ್ಲದಕ್ಕೂ 'ಕೆಲವೊಮ್ಮೆ' ಅಂತ ಟಿಕ್ ಹಾಕಿ ಕೊಟ್ಟರು. ಮಗು ಇಡೀ ದಿನ ಅಜ್ಜಿ ಹತ್ತಿರ ಇರುತ್ತದೆ, ಅವರು ಬೇರೇನು ಬರೆದಾರು?

ಆಮೇಲೆ ಮಿಠಾಯಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಮಕ್ಕಳ ಮುಂದೆ ಸಿಹಿ ಇಟ್ಟು ಪರೀಕ್ಷೆ ಮಾಡಿದ್ದರು, ಈಗಲೇ ತಿಂದರೆ ಒಂದು, ಕಾದರೆ ಎರಡು. ನಾನು ಕಡ್ಲೆಮಿಠಾಯಿ ಇಟ್ಟೆ. ಒಬ್ಬಳು ಹತ್ತು ನಿಮಿಷ ಮುಟ್ಟಲೇ ಇಲ್ಲ. ಖುಷಿಯಿಂದ ಪೂರ್ತಿ ಅಂಕ ಕೊಟ್ಟೆ. "ಬೇರೆಯವರು ಕೊಟ್ಟದ್ದು ತಿನ್ನಬೇಡ ಅಂತ ಹೇಳಿದ್ದೀನಿ ಮಿಸ್" ಅಂದರು ಅವಳಮ್ಮ. ತಕ್ಷಣ ತಿಂದವನು ಬೆಳಗ್ಗೆ ತಿಂಡಿ ಇಲ್ಲದೆ ಬಂದಿದ್ದ. ಎರಡೂ ಹಾಳೆ ಹರಿದು ಹಾಕಿದೆ.

ಕೊನೆಗೆ ಕೈ ಹಿಡಿದದ್ದು ಕೆರೆ–ದಡ. ಒಂದು ಚಾಕ್‌ಪೀಸು, ನೆಲದ ಮೇಲೊಂದು ಗೆರೆ. ಸ್ವಲ್ಪ ಹೊತ್ತು ಮಾಮೂಲಿ ಆಟ. ಆಮೇಲೆ ಉಲ್ಟಾ: 'ಕೆರೆ' ಅಂದರೆ ದಡಕ್ಕೆ, 'ದಡ' ಅಂದರೆ ಕೆರೆಗೆ. 20 ಸಲ. ಸರಿ ಇದ್ದರೆ 2, ತಪ್ಪು ಹೊರಟು ತಾನೇ ತಿದ್ದಿಕೊಂಡರೆ 1, ತಪ್ಪಿದರೆ 0. 'ತಲೆ' ಅಂದರೆ ಕಾಲ್ಬೆರಳು, 'ಕಾಲ್ಬೆರಳು' ಅಂದರೆ ತಲೆ ಮುಟ್ಟಿಸುವ ಪರೀಕ್ಷೆ ಒಂದಿದೆ, ಅದರ ಲೆಕ್ಕವೇ ಇದು. ನಾಲ್ಕು ತುಂಬದವರಿಗೆ ಉಲ್ಟಾ ಆಡಿಸಬೇಡಿ, ಸುಮ್ನೆ ಗೊಂದಲ.

ಆ '1' ಇದೆಯಲ್ಲ, ಅದನ್ನು ಕಣ್ಣಿಟ್ಟು ನೋಡಿ. 'ಮಾತೇ ಕೇಳಲ್ಲ' ಅಂತ ಟೀಚರ್ ಕಳಿಸಿದ್ದ ನಾಲ್ಕೂವರೆ ವರ್ಷದ ಹುಡುಗಿ ಕಾಲೆತ್ತಿದಳು, ಗಾಳಿಯಲ್ಲೇ ನಿಲ್ಲಿಸಿದಳು, ತುಟಿ ಕಚ್ಚಿ ಹಿಂದಕ್ಕೆ ಇಟ್ಟಳು. ಒಂದೇ ದಿನ ಏಳೆಂಟು ಸಲ ಹೀಗೆ. ಯಾವ ಪ್ರಶ್ನಾವಳಿಯಲ್ಲೂ ನನಗೆ ಇದು ಸಿಕ್ಕಿರಲಿಲ್ಲ.

ಗುಂಪಿನಲ್ಲಿ ಆಡಿಸಿದ್ದು ನನ್ನ ದೊಡ್ಡ ತಪ್ಪು. ಒಬ್ಬ ಹುಡುಗ ಪಕ್ಕದವರ ಕಾಲು ನೋಡಿಕೊಂಡೇ ಹಾರುತ್ತಿದ್ದ. ಒಂಟಿಯಾಗಿ ನಿಲ್ಲಿಸಿದರೆ ಬರೀ ಸೊನ್ನೆ. 'ಹಿಡಿತ ಇಲ್ಲ' ಅಂತ ಬರೆದುಬಿಟ್ಟೆ. ಎರಡು ತಿಂಗಳಾದ ಮೇಲೆ ನನ್ನ ಬಾಯಿ ಮರೆ ಮಾಡಿ ಕೂಗಿದೆ, ಅವನು ಅಲುಗಲೇ ಇಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದೆ. ಕಿವಿಯ ತೊಂದರೆ. ಆ ಎರಡು ತಿಂಗಳು ಈಗಲೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ಕಿವಿ ನೋಡಿಸದೆ ಗೆರೆ ಎಳೆಯುವುದಿಲ್ಲ.

ಕುತೂಹಲಕ್ಕೆ ಅದೇ ಮಕ್ಕಳನ್ನು ಮಧ್ಯಾಹ್ನ ಊಟ ಆದಮೇಲೆ ಆಡಿಸಿದೆ. 40ಕ್ಕೆ ಆರೇಳು ಅಂಕ ಕಡಿಮೆ ಬಂತು. ಅದಕ್ಕೇ ಬೆಳಗ್ಗೆ ತಿಂಡಿ ಆದಮೇಲೆ, ಬೇರೆ ಬೇರೆ ವಾರ ಎರಡು ಸಲ ಮಾಡುತ್ತೇನೆ.  

ರಿಪೋರ್ಟ್ ಬಗ್ಗೆ ಕೇಳಿದ್ದವರೇ ಹೋದ ವಾರ ಅಂಕದ ಹಾಳೆ ಕೇಳಿ ಇಸಿದುಕೊಂಡು ಹೋದರು.