ಪಕ್ಕೆಯಲ್ಲಿ ಹೊಲಿಗೆ

‘ಓಡುವಾಗ ಪಕ್ಕೆಯಲ್ಲಿ ಹೊಲಿಗೆ ಬಂದರೆ ವೇಗ ತಗ್ಗಿಸಿ.’

ನಾನೇ ಬರೆದು, ನಾನೇ ಕರಡು ತಿದ್ದಿ, ಅಚ್ಚಿಗೆ ಕಳಿಸಿದ್ದ ವಾಕ್ಯ ಇದು. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಓಡುವ ಗುಂಪೊಂದು ಹೊಸಬರಿಗೆ ಪುಟ್ಟ ಕೈಪಿಡಿ ಮಾಡಿಸುತ್ತಿತ್ತು. ಕನ್ನಡಕ್ಕೆ ತರುವ ಕೆಲಸ ನನಗೆ ಬಂತು. ಅಂದು ಬೆಳಗ್ಗೆಯಿಂದ ಒಂದು ಆಸ್ಪತ್ರೆಯ ಕರಪತ್ರ ಅನುವಾದಿಸಿದ್ದೆ. ‘ಹೊಲಿಗೆ ಒಣಗುವವರೆಗೆ ನೀರು ತಾಗಿಸಬೇಡಿ’, ಇಂಥವೇ ಸಾಲುಗಳು. ರಾತ್ರಿ ಅದೇ ಗುಂಗಿನಲ್ಲಿ ಬೆರಳು ಓಡಿತು. ಓಡುವಾಗ ಪಕ್ಕೆಯಲ್ಲಿ ಬರುವ ನೋವಿಗೂ ಇಂಗ್ಲಿಷಿನಲ್ಲಿ ‘ಸ್ಟಿಚ್’ ಅಂತಲೇ ಹೆಸರು. ‘ಸ್ಟಿಚ್’ ಕಂಡಿತು, ‘ಹೊಲಿಗೆ’ ಬಿತ್ತು.

ಹಿಡಿದವಳು ಅಮ್ಮ. ಹನುಮಂತನಗರದ ಮನೆಯಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟು, ಕನ್ನಡಕ ಸರಿಮಾಡಿಕೊಂಡು ಓದಿದಳು. “ಓಡ್ತಾ ಓಡ್ತಾ ಅದ್ಯಾರೇ ಹೊಲಿಗೆ ಹಾಕೋರು? ಪಕ್ಕೆ ಹಿಡ್ಕೊಳತ್ತೆ ಅನ್ನೋಕೆ ಏನು ಧಾಡಿ ನಿಂಗೆ?”

ಅಷ್ಟರಲ್ಲಿ 200 ಪ್ರತಿ ಅಚ್ಚಾಗಿತ್ತು.

ತಪ್ಪಾದ ಮೇಲಾದರೂ ಪದದ ಬುಡ ನೋಡೋಣವೆಂದು ಕೂತೆ. ನೋಡಿದರೆ ನಾನು ಅಂದುಕೊಂಡಿದ್ದೇ ತಿರುವುಮುರುವು. ಹೊಲಿಗೆಯಿಂದ ನೋವಿಗೆ ಹೆಸರು ಬಂದದ್ದಲ್ಲ, ನೋವೇ ಹಿರಿಯಕ್ಕ. ಹಳೆಯ ಇಂಗ್ಲಿಷಿನ ‘ಸ್ಟಿಚೆ’ ಅಂದರೆ ಚುಚ್ಚು, ತಿವಿತ. ಸೂಜಿ ಬಟ್ಟೆಯನ್ನು ಒಮ್ಮೆ ಚುಚ್ಚಿ ಹೊರಬರುವುದಕ್ಕೆ ಆ ಹೆಸರು ಅಂಟಿದ್ದು ಆಮೇಲೆ. ಸುಮಾರು 1000 ವರ್ಷ ಹಳೆಯ ಇಂಗ್ಲಿಷ್ ಹಸ್ತಪ್ರತಿಯೊಂದರಲ್ಲಿ ಥಟ್ಟನೆ ಬರುವ ಇಂಥ ನೋವಿಗೆ ಮಂತ್ರವೇ ಇದೆ. ಮಂತ್ರ ಹಾಕುವವನು ಮೈಯೊಳಗೆ ಹೊಕ್ಕ ಪುಟ್ಟ ಈಟಿಯನ್ನು ‘ಹೊರಗೆ ಬಾ’ ಎಂದು ಗದರುತ್ತಾನೆ.

ಈಟಿ ಅಂದ ಕೂಡಲೇ ನಮ್ಮ ‘ಹೊಟ್ಟೆಶೂಲೆ’ ನೆನಪಾಯಿತು. ಶಿವನ ಕೈಯ ತ್ರಿಶೂಲದಲ್ಲಿರುವುದೂ ಅದೇ ಶೂಲ. ಆಯುರ್ವೇದದಲ್ಲಿ ಪಕ್ಕೆನೋವಿಗೆ ‘ಪಾರ್ಶ್ವಶೂಲ’ ಎಂದೇ ಹೆಸರು. ಅಲ್ಲೂ ಈಟಿ, ಇಲ್ಲೂ ಈಟಿ! ಆದರೆ ಓಟಗಾರರ ಕೈಪಿಡಿಯಲ್ಲಿ ‘ಪಾರ್ಶ್ವಶೂಲ’ ಅಂತ ಬರೆದರೆ ಅಮ್ಮ ಲೋಟವನ್ನೇ ಎಸೆದಾಳು.

ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳೋಣವೆಂದರೆ ಬೆಂಗಳೂರಿನಲ್ಲಿ ಅದಕ್ಕೆ ಆಗಲೇ ಬೇರೆ ಕೆಲಸವಿದೆ. ನಮ್ಮ ಕೆಳಗಿನ ಮನೆಯ ಬಾಗಿಲಲ್ಲಿ ‘ಬ್ಲೌಸ್ ಸ್ಟಿಚಿಂಗ್’ ಬೋರ್ಡು. ಸ್ಕೂಟರಿಂದ ಬಿದ್ದವರು ‘ಎಂಟು ಸ್ಟಿಚ್ ಬಿತ್ತು’ ಅಂತಾರೆ. ಬಟ್ಟೆ, ಗಾಯ ಎರಡಕ್ಕೂ ಸಲ್ಲುತ್ತದೆ. ನೋವಿಗೆ ಮಾತ್ರ ಕನ್ನಡದವರು ಯಾರೂ ‘ಸ್ಟಿಚ್’ ಅನ್ನುವುದಿಲ್ಲ.

‘ಚಳುಕು’? ಹತ್ತಿರ ಬಂತು, ಆದರೆ ಚಳುಕು ಹಿಡಿದರೆ ಎರಡು ದಿನ ಬಿಡುವುದಿಲ್ಲ. ಇದು ನಿಂತು ಉಸಿರೆಳೆದರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಹೋಗುವ ನೋವು. ಕಾರಣದ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ಎದೆಗೂ ಹೊಟ್ಟೆಗೂ ನಡುವಿರುವ ಉಸಿರಾಟದ ಸ್ನಾಯು ವಪೆಯ ಕಡೆ ಬೆರಳು ತೋರಿಸುವವರಿದ್ದಾರೆ, ಹೊಟ್ಟೆಯ ಒಳಪೊರೆ ಕೆರಳುತ್ತದೆ ಅನ್ನುವವರಿದ್ದಾರೆ. ಹೊಟ್ಟೆ ತುಂಬ ತಿಂದೋ ಸಿಹಿ ಜ್ಯೂಸ್ ಕುಡಿದೋ ಓಡಿದರೆ ಹೆಚ್ಚು ಅನ್ನುವುದನ್ನು ಮಾತ್ರ ಓಡುವವರೆಲ್ಲ ಬಲ್ಲರು. ‘ಉಳುಕು’ ಕಾಲಿಗೆ, ‘ಸಿಡಿತ’ ತಲೆಗೆ. ಕೊನೆಗೆ ಬರೆದದ್ದು: ‘ಓಡುವಾಗ ಪಕ್ಕೆ ಚುಚ್ಚಿ ಹಿಡಿದುಕೊಂಡರೆ ವೇಗ ತಗ್ಗಿಸಿ.’ ಅಮ್ಮನ ‘ಹಿಡ್ಕೊಳತ್ತೆ’ ಜೊತೆಗೆ ಹಳೆಯ ಚುಚ್ಚೂ ಸೇರಿತು.

ಅಂದಿನಿಂದ ಈ ಪದ ಎದುರಾದಾಗಲೆಲ್ಲ ಅಕ್ಕಪಕ್ಕದ ಮಾತು ನೋಡದೆ ಕೈ ಹಾಕುವುದಿಲ್ಲ. ಹೆಣಿಗೆಯ ಪುಸ್ತಕವಾದರೆ ಕಡ್ಡಿಯಿಂದ ಜಾರಿದ ಕುಣಿಕೆ. ಪತ್ತೇದಾರಿ ಕಥೆಯಲ್ಲಿ ಯಾರನ್ನೋ ‘ಸ್ಟಿಚ್ ಅಪ್’ ಮಾಡಿದರೆ ಸುಳ್ಳು ಕೇಸಿನಲ್ಲಿ ಸಿಕ್ಕಿಸಿದರು ಅಂತ. ‘ಇನ್ ಸ್ಟಿಚಸ್’ ಅಂದರೆ ನಕ್ಕು ನಕ್ಕು ಪಕ್ಕೆ ನೋಯುವುದು. ನಮ್ಮಲ್ಲಿ ಹೊಟ್ಟೆಯೇ ಹುಣ್ಣಾಗುತ್ತದೆ. ಸಕಾಲದ ಒಂದು ಹೊಲಿಗೆ ಒಂಬತ್ತನ್ನು ಉಳಿಸುತ್ತದೆಂಬ ಅವರ ಗಾದೆಗೆ ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುವ ನಮ್ಮ ಗಾದೆ ಸಾಕು.

200 ಪ್ರತಿಗೂ ತಿದ್ದುಪಡಿಯ ಚೀಟಿ ಅಂಟಿಸಿದ್ದು ನಾನು ಮತ್ತು ಅಮ್ಮ. ಮುಗಿಯುವಷ್ಟರಲ್ಲಿ ಬಗ್ಗಿ ಬಗ್ಗಿ ನನ್ನ ಬೆನ್ನಿಗೆ ಚಳುಕು ಹಿಡಿದಿತ್ತು. ಎರಡು ದಿನ ಬಿಡಲಿಲ್ಲ.